ನುಗ್ಗೆ ಬೀಜದ ಪುಡಿಗೆ ಗಣಿ ನೀರು ಶುದ್ಧವಾಗುತ್ತದೆಯೇ?

ನುಗ್ಗೆ ಬೀಜದ ಪುಡಿ ಹಾಕಿದರೆ ಗಣಿ ನೀರೂ ಕುಡಿಯಲು ಬರುತ್ತದೆ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಇದು ಸರಿಯಲ್ಲ. ಪುಡಿಗೆ ಕೆಸರು ಗಂಟುಕಟ್ಟಿ ತಳಕ್ಕೆ ಕೂರುವುದು ನಿಜ. ಕಣ್ಣಾರೆ ಕಂಡವರು ನಂಬುವುದು ಸಹಜ, ಅಲ್ವಾ? ಆದರೆ ಗಣಿಯಲ್ಲಿನ ಪೈರೈಟ್ (ಕಬ್ಬಿಣ, ಗಂಧಕ ಇರುವ ಖನಿಜ) ಕಲ್ಲಿಗೆ ಗಾಳಿ, ನೀರು ತಾಗಿ ಹುಟ್ಟುವ ಸಲ್ಫೇಟ್ ಉಪ್ಪಿನಂತೆ ಕರಗಿರುತ್ತದೆ. ನೀರು ತಿಳಿಯಾದರೂ ಅದು ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಸಲ್ಫೇಟಿನ ಸಾಂದ್ರತೆ ಇನ್ನೂ ಹೆಚ್ಚುತ್ತದೆ.

ಗಿಡಮೂಲದ ವಸ್ತುಗಳಿಂದ ಸಲ್ಫೇಟ್ ಹಿಡಿಯುವ ಸಂಶೋಧನೆ ನಡೆದಿರುವುದು ಹೌದು. ಆದರೆ ಸುಮ್ನೆ ಪುಡಿ ಹಾಕಿದರೆ ಆಗದು. ತೆಂಗಿನ ನಾರು, ಮರದ ಹೊಟ್ಟಿನ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ. ಸಲ್ಫೇಟಿನದ್ದೂ ಋಣವೇ, ಹಾಗಾಗಿ ಅಂಟುವುದಿಲ್ಲ. ಅಮೈನ್‌ನಂಥ (ಸಾರಜನಕ ಇರುವ) ರಾಸಾಯನಿಕ ಸೇರಿಸಿ ಆ ಮೈಯನ್ನು ಧನವಾಗಿಸಬೇಕು.

ಅನುಮಾನವಿದ್ದರೆ ಪುಡಿ ಹಾಕುವ ಮೊದಲಿನ ಮತ್ತು ನಂತರದ ನೀರನ್ನು ಲ್ಯಾಬ್‌ಗೆ ಕೊಟ್ಟು ಸಲ್ಫೇಟ್ ಅಳೆಸಿ. ಭಾರತದ ಮಾನದಂಡದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 400.