ಶ್ರೀರಂಗಪಟ್ಟಣದ ಬ್ಯಾರನ್

ಹೋದ ಬೇಸಿಗೆ ರಜೆಗೆ ಮುಂಬೈಯಿಂದ ಅಣ್ಣನ ಮಗ ಬಂದಿದ್ದ. ಸ್ಕೂಲ್ ಟೀಮಿನಲ್ಲಿ ಆಡುವ ಹುಡುಗ. ಬಾಯಿ ಬಿಟ್ಟರೆ ಹ್ಯಾರಿಸ್ ಶೀಲ್ಡ್ ಮಾತು, ಅಂದರೆ ಮುಂಬೈ ಶಾಲೆಗಳ ಕ್ರಿಕೆಟ್ ಟೂರ್ನಿ. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ ಔಟಾಗದೆ 664 ರನ್ ಸೇರಿಸಿದ್ದು ಇದೇ ಟೂರ್ನಿಯಲ್ಲಿ. ಅದೆಲ್ಲ ಅವನಿಗೆ ಬಾಯಿಪಾಠ. "ಹ್ಯಾರಿಸ್ ಅಂದ್ರೆ ಯಾರು ಚಿಕ್ಕಪ್ಪ?" ಎಂದು ಒಂದು ದಿನ ಕೇಳಿದ. ಹಿಂದೆ ಬಾಂಬೆಯ ಗವರ್ನರ್ ಆಗಿದ್ದ ಒಬ್ಬ ಲಾರ್ಡ್ ಎಂದೆ. ಅವನಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ರಾತ್ರಿ ಕೂತು ಆ ಲಾರ್ಡ್ ಬಿರುದಿನ ಪೂರ್ತಿ ರೂಪ ಹುಡುಕಿದೆ. ಸಿಕ್ಕಿದ್ದು ಇದು: ಈಸ್ಟ್ ಇಂಡೀಸ್‌ನ ಸೆರಿಂಗಪಟಮ್ ಮತ್ತು ಮೈಸೂರು, ಕೆಂಟ್ ಕೌಂಟಿಯ ಬೆಲ್ಮಾಂಟ್, ಇಷ್ಟೂ ಜಾಗಗಳ ಬ್ಯಾರನ್ ಹ್ಯಾರಿಸ್. ಬ್ಯಾರನ್ ಅಂದರೆ ಬ್ರಿಟನ್ನಿನಲ್ಲಿ ಅಪ್ಪನಿಂದ ಮಗನಿಗೆ ಇಳಿಯುವ ಒಂದು ಬಿರುದು.

ಸೆರಿಂಗಪಟಮ್ ಅಂದರೆ ನಮ್ಮ ಶ್ರೀರಂಗಪಟ್ಟಣ. ನಾನು ಅದರ ಹತ್ತಿರದ ಹಳ್ಳಿಯಲ್ಲಿ ಬೆಳೆದವನು. ಕೋಟೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಊರಿನ ಹೆಸರು ಇಂಗ್ಲೆಂಡಿನ ಒಂದು ಮನೆತನದಲ್ಲಿ ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬಂದಿದೆ, ಎಂಟನೇ ಬ್ಯಾರನ್‌ವರೆಗೂ ಬಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲನೇ ಹ್ಯಾರಿಸ್ ದೊಡ್ಡ ಮನೆತನದವನಲ್ಲ. 1746ರಲ್ಲಿ ಹುಟ್ಟಿದ, ಕೆಂಟ್‌ನ ಒಬ್ಬ ಪಾದ್ರಿಯ ಮಗ. ಸೈನ್ಯ ಸೇರಿ ಅಮೆರಿಕದ ಯುದ್ಧಕ್ಕೆ ಹೋದ. 1775ರಲ್ಲಿ ಬಂಕರ್ ಹಿಲ್‌ನಲ್ಲಿ ತಲೆಗೆ ಗುಂಡು ಬಿದ್ದು ಬದುಕಿದ್ದೇ ಹೆಚ್ಚು. ಆಮೇಲೆ ಮದ್ರಾಸಿಗೆ ಬಂದ. 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಇಡೀ ಸೈನ್ಯಕ್ಕೆ ಇವನೇ ದಂಡನಾಯಕ. ಏಪ್ರಿಲ್ ಮುಗಿಯುವ ಹೊತ್ತಿಗೆ ಸೈನ್ಯದ ಅಕ್ಕಿ ತಳ ಕಂಡಿತ್ತು. ಮಳೆ ಶುರುವಾದರೆ ಕಾವೇರಿ ತುಂಬುತ್ತದೆ, ಆಮೇಲೆ ದಾಟುವ ಮಾತೇ ಇಲ್ಲ. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಗೇರಿದ್ದಾಗ, ನದಿ ದಾಟಿ ಕೋಟೆಗೆ ನುಗ್ಗಿದರು. ಅವತ್ತೇ ಟಿಪ್ಪು ಸತ್ತ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳ ದಯವಿಟ್ಟು ಇಲ್ಲಿ ಬೇಡ. ನಾನು ಹೇಳಲು ಹೊರಟಿರುವುದು ಕೋಟೆ ಬಿದ್ದ ಮೇಲಿನ ಲೆಕ್ಕ.

ಗೆದ್ದ ಊರಿನ ಖಜಾನೆಯನ್ನು ಸೈನ್ಯ ಹಂಚಿಕೊಳ್ಳುವುದಕ್ಕೆ ಅವರು ಪ್ರೈಜ್ ಮನಿ ಎನ್ನುತ್ತಿದ್ದರು. ನಾವು ಲೂಟಿ ಎನ್ನುತ್ತೇವೆ. ಒಟ್ಟು ಹತ್ತು ಲಕ್ಷ ಪೌಂಡಿಗೂ ಜಾಸ್ತಿ ಆಯಿತು. ಅದರಲ್ಲಿ ಎಂಟನೇ ಒಂದು ಪಾಲನ್ನು ಹ್ಯಾರಿಸ್ ತೆಗೆದುಕೊಂಡ. ಸುಮಾರು 1,42,000 ಪೌಂಡ್. ಕೆಳದರ್ಜೆಯ ಬ್ರಿಟಿಷ್ ಸಿಪಾಯಿಗೆ ಸಿಕ್ಕಿದ್ದು ಸುಮಾರು 7 ಪೌಂಡ್. ಅವನ ಪಕ್ಕದಲ್ಲೇ ನಿಂತು ಕಾದಿದ ನಮ್ಮ ದೇಶದ ಸಿಪಾಯಿಗೆ ಸುಮಾರು 5 ಪೌಂಡ್. ಭಾಗಿಸಿ ನೋಡಿ. ಒಬ್ಬ ಸಿಪಾಯಿಯ ಪಾಲಿನ 28,000 ಪಟ್ಟು ಒಬ್ಬ ಜನರಲ್‌ಗೆ! ಕಂಪನಿಗೇ ಇದು ಅತಿಯಾಯಿತು ಅನಿಸಿತು. ವರ್ಷಗಟ್ಟಲೆ ತಕರಾರು ನಡೆಯಿತು. ಕೊನೆಗೆ ಬ್ರಿಟಿಷ್ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಹ್ಯಾರಿಸ್ ಕಡೆಗೇ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಆತ 1801ರಲ್ಲೇ ಕೆಂಟ್‌ನಲ್ಲಿ ಬೆಲ್ಮಾಂಟ್ ಎಂಬ ದೊಡ್ಡ ಬಂಗಲೆ ಕೊಂಡುಕೊಂಡಿದ್ದ. ಬಿರುದಿನಲ್ಲಿ ಶ್ರೀರಂಗಪಟ್ಟಣದ ಜೊತೆಗೇ ನಿಂತಿರುವ ಬೆಲ್ಮಾಂಟ್ ಇದೇ. ಒಂದು ಹಣ ಬಂದ ಊರು, ಇನ್ನೊಂದು ಆ ಹಣ ಹೋಗಿ ಕೂತ ಮನೆ. ಬಿರುದು ಇದನ್ನು ಮುಚ್ಚಿಟ್ಟಿಲ್ಲ. ಅಕ್ಕಪಕ್ಕ ಬರೆದೇ ಇದೆ. ನಾವು ಓದಿಲ್ಲ, ಅಷ್ಟೇ.

ಆದರೆ ಬಿರುದು ಬೇಗ ಸಿಗಲಿಲ್ಲ. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ 1799ರಲ್ಲೇ ಮಾರ್ಕ್ವಿಸ್ ಆದ, ಅದು ಬ್ಯಾರನ್‌ಗಿಂತ ಮೇಲಿನ ಪದವಿ. ಆದರೆ ಸಿಕ್ಕಿದ್ದು ಐರ್ಲೆಂಡಿನ ಬಿರುದು, ಇಂಗ್ಲೆಂಡಿನದಕ್ಕಿಂತ ಒಂದು ಕೈ ಕಡಿಮೆ. ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ (ಐರ್ಲೆಂಡಿನ ಬಡವರ ಊಟ) ಕೊಟ್ಟರು ಎಂದು ಆತ ಸಿಟ್ಟಾಗಿದ್ದ. ಗಂಡು ವಾರಸುದಾರ ಇಲ್ಲದೆ 1842ರಲ್ಲಿ ಅವನ ಜೊತೆಗೇ ಆ ಮಾರ್ಕ್ವಿಸ್ ಪದವಿ ಮುಗಿಯಿತು. ಹ್ಯಾರಿಸ್ ಮಾತ್ರ 16 ವರ್ಷ ಕಾದ. 1815ರ ಆಗಸ್ಟ್‌ನಲ್ಲಿ, ವಾಟರ್ಲೂ ಗೆದ್ದ ಎರಡು ತಿಂಗಳಿಗೆ, ಬ್ಯಾರನ್ ಆದ. 1829ರಲ್ಲಿ ಬೆಲ್ಮಾಂಟ್‌ನಲ್ಲೇ ತೀರಿಕೊಂಡ.

ಎರಡನೆಯವನು ಮಗ ವಿಲಿಯಂ. ಕೋಟೆ ಬಿದ್ದಾಗ ಅವನಿಗೆ 17 ವರ್ಷ, ಅಪ್ಪನ ಸೈನ್ಯದಲ್ಲೇ ಇದ್ದ. ವಾಟರ್ಲೂದಲ್ಲೂ ಕಾದಿದ.

ಮೂರನೆಯವನಲ್ಲಿ ಕತೆ ಮತ್ತೆ ನಮ್ಮ ಕಡೆ ತಿರುಗುತ್ತದೆ. ಅವನು ಮೊದಲು ಟ್ರಿನಿಡಾಡ್‌ನ ಗವರ್ನರ್. ಭಾರತದಿಂದ ಕೂಲಿಗಳನ್ನು ಹಡಗಿನಲ್ಲಿ ತುಂಬಿ ಆ ದ್ವೀಪಕ್ಕೆ ಸಾಗಿಸುವುದು ಆಗಷ್ಟೇ ಶುರುವಾಗಿತ್ತು. 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್. ನೆನಪಿಡಿ, ಆಗ ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಎಲ್ಲ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು. ನಾಲ್ಕನೆಯವನು, ಅಂದರೆ ಶೀಲ್ಡಿನ ಹ್ಯಾರಿಸ್, 1851ರಲ್ಲಿ ಟ್ರಿನಿಡಾಡ್‌ನಲ್ಲೇ ಹುಟ್ಟಿದ. ಇಂಗ್ಲೆಂಡ್ ಕ್ರಿಕೆಟ್ ಟೀಮಿನ ಕ್ಯಾಪ್ಟನ್. 1880ರಲ್ಲಿ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ನಡೆದಾಗ ಅವನದೇ ನಾಯಕತ್ವ. 1890ರಿಂದ 1895ರವರೆಗೆ ಬಾಂಬೆಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಬಾಂಬೆ ಪ್ರೆಸಿಡೆನ್ಸಿಗೆ ಸೇರಿದ್ದವು.

ಈಗ ಮನಸ್ಸಿನಲ್ಲೇ ಕರ್ನಾಟಕದ ನಕ್ಷೆ ಇಟ್ಟುಕೊಂಡು ನೋಡಿ. ಮುತ್ತಜ್ಜ ಮೈಸೂರನ್ನು ಗೆದ್ದ. ಅವನ ಮೊಮ್ಮಗ ಕರಾವಳಿಯನ್ನೂ ಬಳ್ಳಾರಿಯನ್ನೂ ಆಳಿದ. ಮರಿಮಗ ಧಾರವಾಡ, ಬೆಳಗಾವಿಯ ಕಡೆ ಆಳಿದ. ನಿಜಾಮರ ಕಡೆಯ ಜಿಲ್ಲೆಗಳನ್ನೂ ಕೊಡಗನ್ನೂ ಬಿಟ್ಟರೆ, ಕನ್ನಡ ನಾಡಿನ ಬಹುಪಾಲು ಒಂದೇ ಬಿರುದಿನವರ ಕೈಯಲ್ಲಿ ಒಂದಲ್ಲ ಒಂದು ಸಲ ಬಂದು ಹೋಗಿದೆ. ಇದು ಗೊತ್ತಾದಾಗ ನನಗೆ ಎದೆ ಧಸಕ್ಕೆಂದಿತು. ನಾವು ಏಕೀಕರಣದ ಕತೆ ಓದುವಾಗ ನಾಡು ಹರಿದು ಹಂಚಿಹೋದದ್ದನ್ನು ಮದ್ರಾಸು, ಬಾಂಬೆ, ಹೈದರಾಬಾದು ಎಂದು ಬೇರೆ ಬೇರೆ ಅಧ್ಯಾಯವಾಗಿ ಓದುತ್ತೇವೆ. ಅತ್ತ ಒಂದು ಮನೆಯ ವಂಶವೃಕ್ಷದಲ್ಲಿ ಮದ್ರಾಸೂ ಬಾಂಬೆಯೂ ಅಪ್ಪ-ಮಗನ ನೌಕರಿಗಳಾಗಿ ಅಕ್ಕಪಕ್ಕ ಕೂತಿವೆ.

ಐದನೆಯವರಿಗೆ ಗಡಿಯಾರದ ಹುಚ್ಚು. ಅವರು ಕೂಡಿಟ್ಟ 300ಕ್ಕೂ ಹೆಚ್ಚು ಗಡಿಯಾರಗಳು ಬೆಲ್ಮಾಂಟ್‌ನಲ್ಲಿವೆ. ಮನೆ ಈಗ ಒಂದು ಚಾರಿಟಿಯ ವಶದಲ್ಲಿದೆ, ಜನ ಹೋಗಿ ನೋಡಬಹುದು. 1995ರಲ್ಲಿ ಆರನೆಯವರು ತೀರಿಕೊಂಡ ಮೇಲೆ ಬಿರುದು ಮನೆತನದ ಇನ್ನೊಂದು ಕವಲಿಗೆ ಹೋಯಿತು. ಮನೆ ಅದರ ಹಿಂದೆ ಹೋಗಲಿಲ್ಲ. 1999ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ 200 ವರ್ಷಕ್ಕೆ, ಬ್ರಿಟನ್ ಕಾನೂನು ತಂದು 92 ಜನರನ್ನು ಬಿಟ್ಟು ಉಳಿದ ವಂಶಪಾರಂಪರ್ಯದ ಲಾರ್ಡ್‌ಗಳನ್ನು ತನ್ನ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಿಂದ ಹೊರಗೆ ಕಳಿಸಿತು. ಕುರ್ಚಿ ಹೋಯಿತು, ಬಿರುದು ಹೋಗಲಿಲ್ಲ.

ಈಗಿನವರ ಮೇಲೆ ನನಗೆ ಕೋಪವಿಲ್ಲ. ಅಜ್ಜ ಮಾಡಿದ್ದಕ್ಕೆ ಮೊಮ್ಮಗನನ್ನು ಬೈಯುವುದು ನ್ಯಾಯವಲ್ಲ. ಶೀಲ್ಡಿನಿಂದ ಹ್ಯಾರಿಸ್ ಹೆಸರು ತೆಗೆಯಿರಿ ಎಂದೂ ನಾನು ಹೇಳುವುದಿಲ್ಲ. ತೆಗೆದರೆ ಹುಡುಗರು ಆ ಪ್ರಶ್ನೆ ಕೇಳುವುದೂ ನಿಂತುಹೋಗುತ್ತದೆ ಅಲ್ವಾ? ಉಳಿಯಲಿ, ಆದರೆ ಪೂರ್ತಿ ಉಳಿಯಲಿ. ಸುಮ್ನೆ ಲಾರ್ಡ್ ಹ್ಯಾರಿಸ್ ಎಂದು ಬರೆಯುವ ಕಡೆ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್ ಎಂದು ಬರೆಯಲಿ. ಇತ್ತ ಕೋಟೆ ನೋಡಲು ಬರುವ ಮಕ್ಕಳಿಗೆ ಆ 1,42,000 ಪೌಂಡಿನ ಲೆಕ್ಕವನ್ನೂ 5 ಪೌಂಡಿನ ಲೆಕ್ಕವನ್ನೂ ಕನ್ನಡದಲ್ಲಿ ಒಂದು ಬೋರ್ಡಿನ ಮೇಲೆ ಬರೆದು ತೋರಿಸಲಿ.

ಹುಡುಗ ಮತ್ತೆ ರಜೆಗೆ ಬರುತ್ತಾನೆ. ಅವನ ಪ್ರಶ್ನೆಗೆ ನಾನು ಅರ್ಧ ಉತ್ತರವಷ್ಟೇ ಕೊಟ್ಟು ಕಳಿಸಿದ್ದೇನೆ. ಈ ಸಲ ಅವನನ್ನು ಕೋಟೆಯ ಪಡುವಣ ಗೋಡೆಯ ಹತ್ತಿರ, ಗುಂಡು ಹೊಡೆದು ಬಿರುಕು ಮಾಡಿದ ಆ ಮೂಲೆಗೆ ಕರೆದುಕೊಂಡು ಹೋಗಬೇಕು. ನಿಮ್ಮ ಶೀಲ್ಡು ಇಲ್ಲಿಂದ ಶುರುವಾಯಿತು ಕಣೋ ಎಂದು ಹೇಳಬೇಕು.