ಕರೆಂಟ್ ಗುತ್ತಿಗೆದಾರರ ರೊಕ್ಕ ಬ್ಯಾಡ ಅನ್ರಿ, ಸಾಹೇಬ್ರ

ನಮ್ಮ ಭಾಗಕ್ಕೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಜೆಸ್ಕಾಂ ಯಾವ ಪಕ್ಷಕ್ಕೂ ಒಂದು ರೂಪಾಯಿ ಚಂದಾ ಕೊಡುವಂತಿಲ್ಲ. ಸರ್ಕಾರಿ ಕಂಪನಿಗಳ ದೇಣಿಗೆಯನ್ನು 2013ರ ಕಂಪನಿ ಕಾಯ್ದೆಯ 182ನೇ ಕಲಮು ನಿಷೇಧಿಸಿದೆ. ‘ಹಂಗಾದ್ರ ತಕರಾರೇನೈತ್ರಿ?’ ಅನ್ನುವವರು ಟಿಸಿ (ಟ್ರಾನ್ಸ್‌ಫಾರ್ಮರ್) ರಿಪೇರಿ, ಕಂಬ, ವೈರು, ಮೀಟರು ಯಾರ ಕೈಯಲ್ಲಿವೆ ನೋಡಲಿ. ಬಹುಪಾಲು ಖಾಸಗಿ ಗುತ್ತಿಗೆದಾರರು. ಸೋಲಾರ್ ಕರೆಂಟ್ ಮಾರುವವರಲ್ಲೂ ಬಹಳಷ್ಟು ಮಂದಿ ಖಾಸಗಿಯವರೇ. ಮೂರು ವರ್ಷ ತುಂಬಿದ ಖಾಸಗಿ ಕಂಪನಿ ಹಿಂದಿನ ಮೂರು ವರ್ಷದ ತನ್ನ ಸರಾಸರಿ ಲಾಭದ ಶೇ 7.5ರವರೆಗೆ ಪಕ್ಷಕ್ಕೆ ಕೊಡಬಹುದು. 2017ರಲ್ಲಿ ತೆಗೆದುಹಾಕಿದ್ದ ಈ ಮಿತಿ, 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದಾಗ ತಿರುಗಿ ಬಂತು.

ರೈತನ ಹೊಲಕ್ಕೂ ಇದಕ್ಕೂ ಏನು ಸಂಬಂಧ? ಟಿಸಿಯನ್ನೇ ತಗೊಳ್ಳಿ. 63 ಕೆವಿಎ, ಅಂದರೆ ಹೆಚ್ಚೆಂದರೆ 63 ಕಿಲೋವ್ಯಾಟ್ ಹೊರುವ ಟಿಸಿ ಮೇಲೆ 5 ಹೆಚ್‌ಪಿಯ 20 ಪಂಪ್‌ಸೆಟ್ ಒಮ್ಮೆಗೇ ಓಡಿದರೆ ಮೋಟರ್‌ಗಳ ಲೆಕ್ಕವೇ 75 ಕಿಲೋವ್ಯಾಟ್ ಸಮೀಪ ಹೋಗುತ್ತದೆ, ಸುಡದೆ ಇನ್ನೇನು? ಆದರೆ ಲೋಡ್ ಸರಿಯಿದ್ದೂ ರಿಪೇರಿಯಾಗಿ ಬಂದ ಟಿಸಿ ಮತ್ತೆ ಸುಟ್ಟರೆ ಅನುಮಾನ ಬೇರೆ ಕಡೆ ಹೋಗಬೇಕು: ಕಾಯಿಲ್‌ಗೆ ತೆಳ್ಳನೆ ತಂತಿ ಸುತ್ತಿದರೇ, ನೀರು ಸೇರಿದ ಹಳೆ ಎಣ್ಣೆಯನ್ನು ಸೋಸದೆ ಹಾಗೇ ಸುರಿದರೇ? ಶಾಸಕರು ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನೆ) ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗ್ಯಾರಂಟಿ ಅವಧಿಯಲ್ಲೇ ಮತ್ತೆ ಸುಟ್ಟವು ಎಷ್ಟು, ರಿಪೇರಿ ಮಾಡಿದ ಏಜೆನ್ಸಿ ಯಾವುದು? ಪ್ರಚಾರದ ಜೀಪಿಗೆ ಅದೇ ಏಜೆನ್ಸಿ ಡೀಸೆಲ್ ಹಾಕಿಸಿದ್ದರೆ ಈ ಪ್ರಶ್ನೆ ಬಾಯಿಗೆ ಬರುವುದು ಕಷ್ಟ.

ದೂರದ ಕಥೆಯೂ ಒಂದಿದೆ. ಅಮೆರಿಕದ ಓಹಿಯೋದಲ್ಲಿ ವಿದ್ಯುತ್ ಕಂಪನಿಯಿಂದ ಸುಮಾರು 6 ಕೋಟಿ ಡಾಲರ್ ಹರಿದ ಹಗರಣದಲ್ಲಿ, ಅಲ್ಲಿನ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್‌ಗೆ 2023ರಲ್ಲಿ 20 ವರ್ಷ ಜೈಲಾಯಿತು. ಆ ಹಣಕ್ಕೆ ಪ್ರತಿಯಾಗಿ, ನಷ್ಟದ ವಿದ್ಯುತ್ ಸ್ಥಾವರಗಳನ್ನು ಉಳಿಸಲು ತಂದ ಕಾಯ್ದೆಯ ಖರ್ಚು ಬಿದ್ದದ್ದು ಗ್ರಾಹಕರ ಬಿಲ್ಲಿನ ಮೇಲೆ.

ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿಯ ಆಕಾಂಕ್ಷಿಗಳೇ, ನಾಮಪತ್ರಕ್ಕೆ ಮೊದಲೇ ಬರೆದುಕೊಡಿ: ಕಳೆದ ಐದು ವರ್ಷದಲ್ಲಿ ಜೆಸ್ಕಾಂ ಟೆಂಡರ್ ಪಡೆದವರು, ಅವರ ಸಬ್ ಗುತ್ತಿಗೆದಾರರು, ಸೋಲಾರ್ ಕಂಪನಿಯವರು, ಇವರ ಹಣ ಬೇಡ. ‘ಹಣ’ ಅಂತಷ್ಟೇ ಬರೆದರೆ ಶಾಮಿಯಾನ, ಫ್ಲೆಕ್ಸ್, ಬಾಡಿಗೆ ಗಾಡಿ, ಊಟದ ರೂಪದಲ್ಲಿ ಒಳಗೆ ಬರುತ್ತದೆ. ಅವನ್ನೂ ಹೆಸರು ಹಿಡಿದು ಸೇರಿಸಿ. ಗುತ್ತಿಗೆದಾರರ ಹೆಂಡತಿ, ಮಕ್ಕಳ ಹೆಸರಿನ ಫರ್ಮುಗಳನ್ನೂ ಬಿಡಬೇಡಿ, ಚಂದಾ ಬರುವ ಹಳೆ ದಾರಿಯೇ ಅದು. ಯಾರಿಗೆ ಯಾವ ಕೆಲಸ ಸಿಕ್ಕಿದೆ ಅನ್ನುವುದು ರಾಜ್ಯದ ಟೆಂಡರ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಮತದಾರರಿಗೂ ಕೆಲಸವಿದೆ. ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಅವರು ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. 1961ರ ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಆ ಲೆಕ್ಕ ನೋಡಬಹುದು. ಗಾಡಿ, ಪೆಂಡಾಲಿನ ಬಿಲ್ ಯಾರ ಹೆಸರಿಗಿದೆ ಅಂತ ಮೊದಲು ನೋಡ್ರಿ, ಆಮೇಲೆ ಟೆಂಡರ್ ಪಟ್ಟಿಯ ಪಕ್ಕ ಇಟ್ಟು ಹೋಲಿಸ್ರಿ.