ಹೊಸ್ತಿಲಲ್ಲೊಂದು ಕಟಿಂಗ್ ಶಾಪ್

ಭಾನುವಾರ ಬೆಳಗ್ಗೆ ಏಳು ಗಂಟೆ. ಬಾಡಿಗೆ ಕ್ಯಾಮೆರಾ ಬಂದಾಗಿದೆ. ಮನೆಯವರನ್ನೆಲ್ಲ ಹಾಲ್‌ನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಅಟ್ಟಿಯಾಗಿದೆ. ಕಿಟಕಿಯ ಬೆಳಕು ಬೇಕಾದ ಜಾಗಕ್ಕೇ ಬಿದ್ದಿದೆ. ಆಗ ಹೀರೋ ಒಳಗೆ ಬರುತ್ತಾನೆ. ವಯಸ್ಸು ಹದಿಮೂರು. ತಲೆ ಮೇಲೆ ಟೋಪಿ. ಯಾಕಪ್ಪ ಟೋಪಿ ಅಂದರೆ ನೆಲ ನೋಡುತ್ತಾನೆ. ತೆಗೆಸಿ ನೋಡಿದರೆ, ಮುಗೀತು ಕಥೆ. ಕಿವಿ ಮುಚ್ಚುವಷ್ಟಿದ್ದ ಕೂದಲು ಮಾಯ, ಎರಡು ಕಿವಿಯೂ ತೆರೆದಿಟ್ಟ ಕಿಟಕಿ ಬಾಗಿಲಿನ ಹಾಗೆ ನಿಂತಿವೆ. ಅವನ ಹಿಂದೆಯೇ ಬಂದ ಅಮ್ಮನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. "ಕ್ಯಾಮೆರಾ ಮುಂದೆ ನಿಲ್ಲೋನು, ನೀಟಾಗಿ ಕಾಣ್ಲಿ ಅಂತ ನಿನ್ನೆ ನಾನೇ ಕರ್ಕೊಂಡು ಹೋಗಿ ಮಾಡಿಸಿದೆ ಕಣಪ್ಪ."

ಕಳೆದ ಭಾನುವಾರ ತೆಗೆದದ್ದು ಸೀನ್ 14. ಹುಡುಗ ಅಪ್ಪನ ಜೊತೆ ಜಗಳಾಡಿ, ಕಣ್ಣು ಒರೆಸಿಕೊಂಡು, ಬಾಗಿಲು ದಡಾರನೆ ತೆಗೆದು ಹೊರಡುತ್ತಾನೆ. ಇವತ್ತು ಸೀನ್ 15. ಅದೇ ಬಾಗಿಲಿನಿಂದ ಹೊರಗೆ ಬರಬೇಕು. ಒಳಗಿನಿಂದ ಹೊರಟವನಿಗೆ ಕೂದಲಿದೆ, ಹೊರಗೆ ಕಾಲಿಟ್ಟವನಿಗಿಲ್ಲ. ನೋಡುವವರು ಹೊಸ್ತಿಲಲ್ಲೇ ಒಂದು ಕಟಿಂಗ್ ಶಾಪ್ ಇದೆ ಅಂದುಕೊಳ್ಳಬೇಕು.

ಕೈಯಿಂದ ದುಡ್ಡು ಹಾಕಿ, ಗೆಳೆಯರನ್ನು ಕಟ್ಟಿಕೊಂಡು, ಹುಡುಗನೊಬ್ಬ ದೊಡ್ಡವನಾಗುವ ಕಥೆಯನ್ನು ಸಿನಿಮಾ ಮಾಡಲು ಹೊರಟವರಿಗೆ ಇಂಥದ್ದೊಂದು ಭಾನುವಾರ ಬಂದೇ ಬರುತ್ತದೆ. ಪ್ರೀತಿಯ ಎಳೆ, ಮನೆಯ ಎಳೆ, ಸ್ನೇಹದ ಎಳೆ ಅಂತ ಎರಡು ವರ್ಷ ಕೂತು ಸ್ಕ್ರಿಪ್ಟ್ ಹೆಣೆದಿರುತ್ತಾರೆ. ಕೂದಲಿನ ಎಳೆ ಮಾತ್ರ ಯಾರಿಗೂ ಹೊಳೆದಿರುವುದಿಲ್ಲ.

ಲೆಕ್ಕ ಹಾಕಿದರೆ ಇದು ಮೊದಲ ದಿನವೇ ಗೊತ್ತಾಗಬೇಕಿತ್ತು. ಸ್ಕ್ರಿಪ್ಟಿನ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಒಂದೂವರೆ ಗಂಟೆಯ ಸಿನಿಮಾಕ್ಕೆ 90 ಪುಟ. ಸಣ್ಣ ತಂಡ ದಿನಕ್ಕೆ ನಾಲ್ಕು ಪುಟ ಮುಗಿಸಿದರೆ ಪುಣ್ಯ, ಬೆನ್ನು ಮುರಿದುಕೊಂಡರೆ ಐದು. ಅಲ್ಲಿಗೆ 20 ದಿನದ ಶೂಟಿಂಗ್ ಅನ್ನಿ. ವಾರವಿಡೀ ಎಲ್ಲರಿಗೂ ಕೆಲಸ, ಹೀರೋಗೆ ಶಾಲೆ. ಸಿಗುವುದು ಭಾನುವಾರ ಒಂದೇ. 20 ಭಾನುವಾರಕ್ಕೆ ಐದು ತಿಂಗಳು. ಅದರಲ್ಲಿ ಪರೀಕ್ಷೆ, ಮಳೆ, ಯಾರದೋ ಮದುವೆ, ಯಾರಿಗೋ ಜ್ವರ ಅಂತ ಸೇರಿಸಿದರೆ ಎಂಟು. ತಲೆಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಎಂಟು ತಿಂಗಳು ಕತ್ತರಿ ಮುಟ್ಟಿಸದಿದ್ದರೆ ಹುಡುಗ ಸಂನ್ಯಾಸಿ. ಕಥೆಯಲ್ಲಿ ಕಳೆದಿರುವುದು ಮೂರೇ ವಾರ. ಅಂದರೆ ಕತ್ತರಿಸಿದರೂ ಕೆಟ್ಟಿತು, ಬಿಟ್ಟರೂ ಕೆಟ್ಟಿತು. ಸಾಲದ್ದಕ್ಕೆ ಸೀನುಗಳನ್ನು ಯಾರೂ ವರಸೆಯಲ್ಲಿ ತೆಗೆಯುವುದಿಲ್ಲ. ಮನೆ ಸಿಕ್ಕ ದಿನ ಮನೆಯ ಸೀನೆಲ್ಲ, ಶಾಲೆ ಖಾಲಿಯಿದ್ದ ದಿನ ಶಾಲೆಯ ಸೀನೆಲ್ಲ. ಒಂದೇ ದಿನ ಬೆಳಗ್ಗೆ ಸೀನ್ 3, ಮಧ್ಯಾಹ್ನ ಸೀನ್ 71.

ಅಮ್ಮನಿಗೆ ಮೊದಲೇ ಹೇಳಿರಲಿಲ್ಲವೇ? ಹೇಳಿತ್ತು. ಮೂರು ಸಲ ಹೇಳಿತ್ತು. "ಅಮ್ಮಾ, ಸಿನಿಮಾ ಮುಗಿಯೋವರೆಗೂ ಇವನ ಕೂದಲು ಮುಟ್ಟಬೇಡಿ." ಅವರೂ ಮೂರು ಸಲ ಹೂಂ ಅಂದಿದ್ದರು. ಆದರೆ ಅಮ್ಮಂದಿರ ಲೆಕ್ಕದಲ್ಲಿ ಕೂದಲು ಮುಟ್ಟುವುದು ಬೇರೆ, ಕಟಿಂಗ್ ಬೇರೆ. ಕೇಳಿದರೆ, "ಅಯ್ಯೋ, ಜಾಸ್ತಿ ತೆಗೆಸಿಲ್ಲಪ್ಪ, ಸೈಡಲ್ಲಿ ಸ್ವಲ್ಪ" ಅನ್ನುತ್ತಾರೆ. ಸೈಡಲ್ಲಿ ಸ್ವಲ್ಪ ತೆಗೆದಾಗ ಮೇಲೆ ಜಾಸ್ತಿ ಕಂಡಿದೆ, ಅದಕ್ಕೆ ಮೇಲೂ ಸ್ವಲ್ಪ. ಆಗ ಹಿಂದೆ ಗುಂಗುರು ಎದ್ದಿದೆ, ಅಲ್ಲೂ ಸ್ವಲ್ಪ. ಎಲ್ಲ ಸ್ವಲ್ಪವೂ ಸೇರಿ ನೆಲದ ಮೇಲೆ ನಿಮ್ಮ ಕಂಟಿನ್ಯೂಟಿ, ಅಂದರೆ ಸೀನಿನಿಂದ ಸೀನಿಗೆ ಎಲ್ಲ ಒಂದೇ ಥರ ಕಾಣಬೇಕಾದದ್ದು, ಗುಡ್ಡೆ ಬಿದ್ದಿದೆ. ಕೋಪ ಮಾಡಿಕೊಳ್ಳುವ ಹಾಗೂ ಇಲ್ಲ. ಈ ಮನೆಯೂ ಅವರದೇ, ಹೀರೋನೂ ಅವರದೇ, ಹಿಂದಿನ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿರುವ ಬಳಗವೂ ಅವರದೇ. "ಬೆಳ್ಯುತ್ತೆ ಬಿಡಪ್ಪ" ಅಂತ ಸಮಾಧಾನವನ್ನೂ ಅವರೇ ಹೇಳುತ್ತಾರೆ. ಬೆಳೆಯುತ್ತದೆ, ನಿಜ. ಐದು ಸೆಂಟಿಮೀಟರ್ ಬೆಳೆಯಲು ಐದು ತಿಂಗಳು ಬೇಕು.

ಅವತ್ತಿನ ದಿನ ಉಳಿಸಲು ತಂಡದವರಿಂದ ಬರುವ ಸಲಹೆಗಳೂ ಎಲ್ಲ ಕಡೆ ಒಂದೇ. ಟೋಪಿ ಹಾಕಿಸೋಣ ಅನ್ನುತ್ತಾನೆ ಒಬ್ಬ. ಅಳುತ್ತಾ ಮನೆ ಬಿಡುವವನು ಬಾಗಿಲ ಸಂದಿಯಲ್ಲಿ ನಿಂತು ಟೋಪಿ ಯಾವಾಗ ಹಾಕಿಕೊಂಡ? ವಿಗ್ ತರೋಣ ಅನ್ನುತ್ತಾನೆ ಇನ್ನೊಬ್ಬ. ಒಳ್ಳೆಯ ವಿಗ್‌ಗೆ ಕೂದಲ ಅಂಚಿನಲ್ಲಿ ತೆಳುವಾದ ಬಲೆ ಇರುತ್ತದೆ, ಅದನ್ನು ಹಣೆಗೆ ಅಂಟಿಸಿ ಮರೆಸುವವರೂ ಬೇಕು. ನಾಟಕದ ಕಂಪನಿಯಿಂದ ಎರವಲು ತಂದದ್ದು ಕ್ಲೋಸಪ್ಪಿನಲ್ಲಿ ಹಕ್ಕಿಗೂಡು. ಮೂರನೆಯವನು ಮಾತ್ರ ತೂಕದ ಮಾತಾಡುತ್ತಾನೆ. ಇವತ್ತು ಹೀರೋ ಬೇಡದ ಶಾಟುಗಳನ್ನು ತೆಗೆಯಿರಿ. ಅಪ್ಪನ ಮುಖ, ಖಾಲಿ ಬಾಗಿಲು, ಅಲ್ಲಾಡುವ ಪರದೆ. ಹುಡುಗನ ಪಾದ ಮಾತ್ರ ಮೆಟ್ಟಿಲು ಇಳಿಯಲಿ. ಬೆನ್ನು ಕಾಣಬೇಕಾದ ಕಡೆ ಉದ್ದ ಕೂದಲಿನ ತಮ್ಮನನ್ನೋ ಪಕ್ಕದ ಮನೆ ಹುಡುಗನನ್ನೋ ಅದೇ ಅಂಗಿ ತೊಡಿಸಿ ನಡೆಸಿ. ಮುಂದೆ ಇದನ್ನು ನೋಡಿದವರು "ಮುಖ ತೋರಿಸದೆ ದುಃಖ ತೋರಿಸಿದ್ದಾರೆ" ಅಂತ ಹೊಗಳುವುದೂ ಉಂಟು. ಸುಮ್ಮನೆ ಒಪ್ಪಿಕೊಳ್ಳಿ.

ನಿಜವಾದ ಮದ್ದು ಮುಂಚೆಯೇ ಮಾಡಬೇಕಾದದ್ದು. ಕೂದಲನ್ನು ಬೆಳೆಯಲು ಬಿಡಬಾರದು, ಒಂದೇ ಅಳತೆಯಲ್ಲಿ ನಿಲ್ಲಿಸಬೇಕು. ಎರಡು ವಾರಕ್ಕೊಮ್ಮೆ, ಒಬ್ಬನೇ ಕಟಿಂಗ್‌ನವನ ಹತ್ತಿರ, ಮೊದಲ ದಿನದ ಫೋಟೋ ಎದುರಿಗಿಟ್ಟು ಬೆಳೆದ ಅರ್ಧ ಸೆಂಟಿಮೀಟರ್ ಮಾತ್ರ ತೆಗೆಸಬೇಕು, ಅದೂ ಅಸಿಸ್ಟೆಂಟ್ ಪಕ್ಕದಲ್ಲಿ ನಿಂತಿರುವಾಗ. ಕಥೆಯಲ್ಲಿ ಎಲ್ಲಾದರೂ ಕೂದಲು ಗಿಡ್ಡವಾಗಲೇಬೇಕಿದ್ದರೆ ಉದ್ದದ ಸೀನೆಲ್ಲ ಮುಗಿಸಿ ಆಮೇಲೆ ಕತ್ತರಿ. ಪ್ರತಿ ಸೀನ್ ಮುಗಿದ ಮೇಲೆ ಮುಂದೆ, ಹಿಂದೆ, ಎಡ, ಬಲ ನಾಲ್ಕು ಫೋಟೋ. ಫೋಟೋದಲ್ಲೇ ಒಂದು ಚೀಟಿ ಹಿಡಿಸಿ: ಸೀನ್ ಎಷ್ಟು, ಕಥೆಯಲ್ಲಿ ಎಷ್ಟನೇ ದಿನ. ಹೀರೋ ಅಂಗಿಗಳನ್ನು ಒಂದೇ ಥರದ್ದು ಎರಡೆರಡು ತಂದು ನೀವೇ ಬೀಗ ಹಾಕಿಟ್ಟುಕೊಳ್ಳಿ. ಮನೆಗೆ ಕಳಿಸಿದಿರೋ, ಕಲೆ ತೋರಿಸಬೇಕಾದ ಅಂಗಿ ಒಗೆದು ಇಸ್ತ್ರಿಯಾಗಿ ವಾಪಸು ಬರುತ್ತದೆ. ಅದೂ ಅಮ್ಮನ ಪ್ರೀತಿಯೇ.

ಇಷ್ಟೆಲ್ಲ ಮಾಡಿ ಕೂದಲನ್ನು ಕಟ್ಟಿಹಾಕಬಹುದು. ಹುಡುಗನನ್ನು ಹೇಗೆ ಕಟ್ಟಿಹಾಕುತ್ತೀರಿ? ಈ ವಯಸ್ಸಿನ ಗಂಡುಮಕ್ಕಳು ಜೋರಾಗಿ ಬೆಳೆಯುವ ವರ್ಷದಲ್ಲಿ 9–10 ಸೆಂಟಿಮೀಟರ್ ಏರಿಬಿಡುತ್ತಾರೆ. ಮೊದಲ ಭಾನುವಾರ ನಾಯಕಿಯ ತುಟಿಗಿದ್ದವನು ಕೊನೆಯ ಭಾನುವಾರ ಅವಳ ಕಣ್ಣಿಗೆ ಬಂದಿರುತ್ತಾನೆ. ಅದಕ್ಕೇ ಸೆಟ್‌ನಲ್ಲಿ ಆಪಲ್ ಬಾಕ್ಸ್ ಅನ್ನುವ ಮರದ ಪೆಟ್ಟಿಗೆ ಇರುವುದು. ಪೂರ್ತಿ ಪೆಟ್ಟಿಗೆ 8 ಇಂಚು ಎತ್ತರ, ಅರ್ಧದ್ದು 4, ಕಾಲು ಭಾಗದ್ದು 2, ಹಲಗೆಯಂಥದ್ದು 1. ಅವನು ಬೆಳೆದಷ್ಟೂ ಅವಳನ್ನು ಹತ್ತಿಸುತ್ತಾ ಹೋಗುವುದು. ಮೂಗಿನ ಕೆಳಗೆ ಮೀಸೆ ಚಿಗುರುತ್ತದೆ. ಮೊಡವೆಯಂತೂ ಸೀನ್ 12ರಲ್ಲಿ ಎಡಗೆನ್ನೆಯಲ್ಲಿದ್ದು, ಅದೇ ಸಂಜೆಯ ಸೀನ್ 13ರಲ್ಲಿ ಬಲಗೆನ್ನೆಗೆ ವರ್ಗವಾಗಿರುತ್ತದೆ. ಕೆಂಪು ಕಾಣದಿರಲು ಹಸಿರು ಛಾಯೆಯ ಕರೆಕ್ಟರ್ ಕ್ರೀಮ್ ತೆಳುವಾಗಿ ಹಚ್ಚಿ, ಮೇಲೆ ಚರ್ಮದ ಬಣ್ಣದ್ದು. ದಪ್ಪ ಹಚ್ಚಿದರೆ ಮೊಡವೆಯ ಬದಲು ಗುಡ್ಡ ಕಾಣುತ್ತದೆ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. ಬಂಗಾಳಿ ನಿರ್ದೇಶಕ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಗೆ 1952ರಲ್ಲಿ ಕ್ಯಾಮೆರಾ ತಿರುಗಿತು, ದುಡ್ಡಿಲ್ಲದೆ ನಿಂತೂ ನಿಂತೂ 1955ರಲ್ಲಿ ತೆರೆಗೆ ಬಂತು. ಅವರೂ ಆಗ ಕೆಲಸದಲ್ಲಿದ್ದುಕೊಂಡು ರಜೆಯ ದಿನ ಶೂಟಿಂಗ್ ಮಾಡಿದವರೇ. ಕಾಶ ಅನ್ನುವ ಎತ್ತರದ ಹುಲ್ಲಿನ ಬಿಳಿ ಹೂವಿನ ಬಯಲಿನಲ್ಲಿ ಒಂದು ದಿನ ತೆಗೆದು, ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು. ಮತ್ತೆ ಹೂ ಬಿಡುವ ಕಾಲಕ್ಕೆ ಕಾದರು. ಅಷ್ಟು ವರ್ಷದಲ್ಲಿ ಕಥೆಯ ಹುಡುಗ ಅಪುವಿನ ದನಿ ಒಡೆಯಲಿಲ್ಲ, ಅವನ ಅಕ್ಕ ದುರ್ಗಾ ದೊಡ್ಡವಳಾಗಲಿಲ್ಲ, ಎಂಬತ್ತರ ಆಸುಪಾಸಿನ ಅಜ್ಜಿ ತೀರಿಕೊಳ್ಳಲಿಲ್ಲ ಅನ್ನುವುದನ್ನು ಅವರು ಪವಾಡವೆಂದೇ ಎಣಿಸಿದರು. ದನ ಮೇಯ್ದ ಹೂವಾದರೂ ಮುಂದಿನ ವರ್ಷ ಬಂತು. ಇನ್ನೊಬ್ಬರು, ಅಮೆರಿಕದ ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್, ಜಗಳವೇ ಬೇಡವೆಂದು ಬೆಳವಣಿಗೆಯನ್ನೇ ಕಥೆ ಮಾಡಿಕೊಂಡರು. 2002ರಿಂದ 2013ರವರೆಗೆ ಅದೇ ಹುಡುಗನನ್ನು ವರ್ಷಕ್ಕೆ ಕೆಲವೇ ದಿನ ತೆಗೆಯುತ್ತಾ ಹೋಗಿ 2014ರಲ್ಲಿ 'ಬಾಯ್‌ಹುಡ್' ಬಿಡುಗಡೆ ಮಾಡಿದರು. ಹನ್ನೆರಡು ವರ್ಷ ಕಾಯುವ ತಾಳ್ಮೆ ಬಾಡಿಗೆ ಕ್ಯಾಮೆರಾ ಕೊಟ್ಟವನಿಗೆ ಇರುವುದಿಲ್ಲ.

ಪ್ರೀತಿಯ ಸೀನ್ ಸುಲಭ ಅಂದುಕೊಂಡಿರುತ್ತೇವೆ. ಹದಿಮೂರರ ಹುಡುಗ ಎದುರಿನ ಹುಡುಗಿಯ ಕಣ್ಣು ನೋಡಿ "ನಂಗೆ ನೀನಂದ್ರೆ ಇಷ್ಟ" ಅನ್ನುವಷ್ಟರಲ್ಲಿ ಇಬ್ಬರಿಗೂ ನಗು. ಒಂಬತ್ತು ಟೇಕ್ ನಗುವಿಗೇ ಹೋಗುತ್ತದೆ. ಆಮೇಲೆ ಎಲ್ಲರೂ ಮಾಡುವುದು ಇದನ್ನೇ: ಅವಳನ್ನು ಮನೆಗೆ ಕಳಿಸಿ, ಲೆನ್ಸಿನ ಪಕ್ಕ ಅವಳ ಕಣ್ಣಿನ ಎತ್ತರಕ್ಕೆ ಒಂದು ತುಂಡು ಟೇಪ್ ಅಂಟಿಸಿ, ಅದನ್ನು ನೋಡಿ ಹೇಳು ಅನ್ನುವುದು. ಟೇಪ್ ಲೆನ್ಸಿಗೆ ಹತ್ತಿರವಿದ್ದಷ್ಟೂ ಮಾತು ನಮಗೇ ಹೇಳಿದಂತಿರುತ್ತದೆ, ದೂರವಾದರೆ ಗೋಡೆಗೆ ಹೇಳಿದಂತೆ. ಹುಡುಗಿಯ ಮಾತನ್ನು ಆಚೆ ನಿಂತು ಓದುವವನು ಗಡ್ಡದ ಅಸಿಸ್ಟೆಂಟ್. ಜನ ಮುಂದೆ ಕಣ್ಣೊರೆಸಿಕೊಂಡು ನೋಡುವ ಮೊದಲ ಪ್ರೇಮ ಹುಟ್ಟಿದ್ದು ಅರ್ಧ ಇಂಚಿನ ಟೇಪಿನ ಮೇಲೆ. ಮಾರನೇ ಭಾನುವಾರ ಅವಳ ಸರದಿಯ ಶಾಟ್ ತೆಗೆಯುವಾಗ ಕ್ಯಾಮೆರಾವನ್ನು ಇಬ್ಬರ ನಡುವೆ ಎಳೆದುಕೊಂಡ ಕಾಲ್ಪನಿಕ ಗೆರೆಯ ಅದೇ ಮಗ್ಗುಲಲ್ಲಿ ಇಡುವುದನ್ನು ಮರೆತಿರೋ, ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಬಸ್ಸಿಗೆ ಕಾದವರ ಹಾಗಿರುತ್ತಾರೆ.

ಊಟದ ಸೀನಿನ ಬಗ್ಗೆ ಒಂದೇ ಮಾತು. ಮೊದಲ ಟೇಕಿನಲ್ಲಿ ಹಸಿದವನಂತೆ ತಿಂದರೆ ಹನ್ನೆರಡನೇ ಟೇಕಿನವರೆಗೂ ಹಾಗೇ ತಿನ್ನಬೇಕು. ಸಣ್ಣ ತುತ್ತು, ಪ್ರತಿ ಸಲವೂ ಅದೇ ಪದಕ್ಕೆ ಬಾಯಿಗೆ.

ಮನೆಯೊಳಗೆ ಇನ್ನೊಬ್ಬ ಕಲಾವಿದ ಇದ್ದಾನೆ, ಫ್ರಿಜ್ಜು. ಅಪ್ಪ ಮಗ ಮಾತು ಬಿಟ್ಟು ಕೂತ ಸೀನಿನಲ್ಲೇ ಅವನಿಗೆ ಗುರ್ ಅನ್ನಬೇಕು. ಆರಿಸಿ, ಆದರೆ ಆರಿಸುವಾಗ ನಿಮ್ಮ ಗಾಡಿ ಕೀಯನ್ನು ಅದರೊಳಗೇ ಇಡಿ. ಇಲ್ಲದಿದ್ದರೆ ಪ್ಯಾಕಪ್ ಗಡಿಬಿಡಿಯಲ್ಲಿ ಮತ್ತೆ ಹಾಕದೆ ಹೋಗುತ್ತೀರಿ, ಮುಂದಿನ ಭಾನುವಾರ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಹೊರಡುವ ಮುಂಚೆ ರೂಮ್ ಟೋನ್ ಬೇರೆ ಆಗಬೇಕು. ಯಾರೂ ಮಾತಾಡದೆ, ಅಲುಗದೆ, ಆ ಕೋಣೆಯ ಬರೀ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡುವುದು. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಸಂದಿಗಳಿಗೆ ತೇಪೆ ಹಾಕಲು ಇದೇ ಬೇಕು, ಇಲ್ಲದಿದ್ದರೆ ಕಿವಿಗೆ ತೂತು ಕೇಳಿಸುತ್ತದೆ. ಇಡೀ ದಿನ ತಣ್ಣಗಿದ್ದ ಹೊಟ್ಟೆಗಳು ಆ ಒಂದು ನಿಮಿಷದಲ್ಲೇ ಒಂದಾದ ಮೇಲೊಂದು ಗುಡುಗುತ್ತವೆ. ಹೀರೋ ತುಟಿ ಕಚ್ಚಿ ನಗು ತಡೆಯುತ್ತಾನೆ, ಅವನನ್ನು ನೋಡಿ ಸೌಂಡಿನವನು, ಹಿಂದಿನ ಕೋಣೆಯಿಂದ ಅಮ್ಮ. ಮತ್ತೆ ಮೊದಲಿನಿಂದ.

ಕೊನೆಗೆ ಉಳಿಯುವುದು ಡಬ್ಬಿಂಗ್. ಬಲ್ಲವರು ಶಾಟ್ ಮುಗಿದ ಕೂಡಲೇ, ಅದೇ ಜಾಗದಲ್ಲಿ, ಕ್ಯಾಮೆರಾ ಇಲ್ಲದೆ ಹುಡುಗನ ಮಾತನ್ನೆಲ್ಲ ಇನ್ನೆರಡು ಸಲ ಹೇಳಿಸಿ ಇಟ್ಟುಕೊಳ್ಳುತ್ತಾರೆ. ಅದನ್ನು ಆಮೇಲೆ ನೋಡೋಣ ಅಂದವರು ಸ್ಟುಡಿಯೋದಲ್ಲಿ ಅವನಿಗೆ ಕಾಯುತ್ತಾ ಕೂರುತ್ತಾರೆ. ಬರುತ್ತಾನೆ. "ನಮಸ್ಕಾರ ಸರ್" ಅನ್ನುತ್ತಾನೆ, ಯಾರದೋ ಅಪ್ಪನ ದನಿಯಲ್ಲಿ. ಗಂಡುಹುಡುಗರ ದನಿ ಒಡೆದಾಗ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ಕಂಪ್ಯೂಟರಿನಲ್ಲಿ ಅಷ್ಟನ್ನೂ ಮೇಲೆತ್ತಿದರೆ ಗುಬ್ಬಿ ಮಾತಾಡಿದ ಹಾಗಾಗುತ್ತದೆ. ಪರದೆಯ ಮೇಲೆ ಸೀನ್ 14 ಓಡುತ್ತದೆ. ಆ ಹುಡುಗ ಅಳುತ್ತಿರುವುದನ್ನು ಇವನು ನೋಡುತ್ತಾನೆ. ಒಂದು ಸಲ ನಗು ಬರುತ್ತದೆ, ಎರಡನೇ ಸಲಕ್ಕೆ ಬರುವುದಿಲ್ಲ. "ಸರ್, ಇವ್ನ್ ಥರ ನಂಗೆ ಮಾತಾಡಕ್ಕೆ ಬರಲ್ಲ" ಅನ್ನುತ್ತಾನೆ ಮೆಲ್ಲಗೆ.

ಅವನ ತಲೆ ನೋಡುತ್ತೀರಿ. ಕೂದಲು ಕಿವಿ ಮುಚ್ಚುವಷ್ಟು ಬೆಳೆದು, ಸೀನ್ 14ಕ್ಕೆ ಬೇಕಾದ ಅಳತೆಗೆ ಸರಿಯಾಗಿ ಬಂದು ನಿಂತಿದೆ. ಅಮ್ಮ ಈ ಸಲ ಮುಟ್ಟೇ ಇಲ್ಲ. ಸೌಂಡಿನವನು ಎದ್ದು ಹೋಗಿ ಮೈಕ್ ಸ್ಟ್ಯಾಂಡಿನ ತಿರುಪು ಸಡಿಲಿಸಿ ನಾಲ್ಕು ಬೆರಳು ಮೇಲೆತ್ತುತ್ತಾನೆ.